ಸತು ಬೆರೆತರೆ ಅಯಸ್ಕಾಂತ ಜೋರಾಗುವುದೇಕೆ?

ಸತುವಿಗೆ ಅಯಸ್ಕಾಂತದ ಗುಣ ಇಲ್ಲ. ಅದನ್ನು ನಿಕ್ಕಲ್ ಫೆರೈಟ್‌ಗೆ ಬೆರೆಸಿದರೆ ಅದರ ಸೆಳೆತ ಕುಗ್ಗಬೇಕು, ಅಲ್ವಾ? ಆದರೆ ಒಂದು ಹಂತದವರೆಗೆ ಅದು ಜಾಸ್ತಿಯಾಗುತ್ತದೆ.

ಫೆರೈಟ್ ಅಂದರೆ ಕಬ್ಬಿಣದ ಆಕ್ಸೈಡ್ ಜೊತೆ ನಿಕ್ಕಲ್, ಮ್ಯಾಂಗನೀಸ್, ಸತುವಿನಂಥ ಲೋಹ ಸೇರಿದ, ಪಿಂಗಾಣಿಯಂತೆ ಗಡುಸಾದ ವಸ್ತು. ಟೋಕಿಯೊದಲ್ಲಿ ಯೊಗೊರೊ ಕಾಟೊ ಮತ್ತು ತಕೇಶಿ ತಕೇಯಿ 1930ರಲ್ಲಿ ಇದನ್ನು ಕೆಲಸಕ್ಕೆ ತಂದರು. 1935ರಲ್ಲಿ ಟಿಡಿಕೆ ಕಂಪನಿ ಹುಟ್ಟಿದ್ದೂ ಇದನ್ನೇ ನಂಬಿ. ವಸ್ತುವೇನೋ ಸಿಕ್ಕಿತು, ಅದರ ಲೆಕ್ಕ ಮಾತ್ರ ಕೂಡಲಿಲ್ಲ.

ಇಂಥ ಹರಳಿನ ರಚನೆ 1915ರಲ್ಲೇ ಗೊತ್ತಿತ್ತು. ಬ್ರ್ಯಾಗ್ ಮತ್ತು ನಿಶಿಕಾವಾ ಎಂಬ ವಿಜ್ಞಾನಿಗಳು ಬೇರೆ ಬೇರೆಯಾಗಿ ಅದನ್ನು ಬಿಡಿಸಿದ್ದರು. ಅದರಲ್ಲಿ ಲೋಹಕ್ಕೆ ಎರಡು ಬಗೆಯ ಮನೆಗಳಿವೆ. ಒಂದರ ಸುತ್ತ ನಾಲ್ಕು ಆಮ್ಲಜನಕ, ಇನ್ನೊಂದರ ಸುತ್ತ ಆರು.

ಸೂಜಿಗಲ್ಲನ್ನೇ, ಅಂದರೆ ಬರೀ ಕಬ್ಬಿಣದ ಫೆರೈಟ್ ಆದ ಮ್ಯಾಗ್ನೆಟೈಟನ್ನೇ ನೋಡಿ. ಅದರ ಸೂತ್ರದಲ್ಲಿ ಮೂರು ಕಬ್ಬಿಣದ ಅಯಾನುಗಳು (ವಿದ್ಯುದಂಶ ಹೊತ್ತ ಪರಮಾಣುಗಳು). ಅವುಗಳ ಅಯಸ್ಕಾಂತ ಬಲ, ಪರಮಾಣುಗಳಿಗೆ ಬಳಸುವ ಬೋರ್ ಮ್ಯಾಗ್ನೆಟಾನ್ ಎಂಬ ಅಳತೆಯಲ್ಲಿ, 5, 5, 4. ಕೂಡಿದರೆ 14. ಅಳೆದರೆ ಸಿಗುವುದು ಸುಮಾರು 4. ಉಳಿದ 10 ಎಲ್ಲಿ ಹೋಯಿತು?

1948ರಲ್ಲಿ ಫ್ರಾನ್ಸಿನ ಭೌತವಿಜ್ಞಾನಿ ಲೂಯಿ ನೀಲ್ ಉತ್ತರ ಕೊಟ್ಟರು: ಎರಡು ಬಗೆಯ ಮನೆಗಳ ಅಯಾನುಗಳು ಎದುರುಬದುರು ಎಳೆಯುತ್ತವೆ. ಹಗ್ಗಜಗ್ಗಾಟ! ನಾಲ್ಕು ಆಮ್ಲಜನಕದ ಮನೆಗಳ ಕಡೆ 5, ಆರರ ಮನೆಗಳ ಕಡೆ 9. ಉಳಿಯುವುದು 4.

ಈಗ ಸತುವಿನ ಗುಟ್ಟು. ಅದಕ್ಕೆ ನಾಲ್ಕು ಆಮ್ಲಜನಕದ ಮನೆಯೇ ಇಷ್ಟ. ಅಲ್ಲಿದ್ದ ಕಬ್ಬಿಣವನ್ನು ಎಬ್ಬಿಸಿ ಎದುರು ತಂಡಕ್ಕೆ ಕಳಿಸುತ್ತದೆ. ಸೋಲುತ್ತಿದ್ದ ತಂಡ ಇನ್ನೂ ಸೊರಗಿತು, ಗೆಲ್ಲುವ ತಂಡಕ್ಕೆ ಆಳು ಸಿಕ್ಕಿತು. ನಿಕ್ಕಲ್ ಫೆರೈಟ್‌ನಲ್ಲಿ ನಿಕ್ಕಲ್‌ನ ಕಾಲು ಭಾಗ ಸತುವಾದರೆ, ಅದೇ ಅಳತೆಯ ಲೆಕ್ಕದಲ್ಲಿ 2 ಇದ್ದದ್ದು 4 ಆಗುತ್ತದೆ. ತೀರಾ ಜಾಸ್ತಿ ಸತು ಹಾಕಿದರೆ ಮಾತ್ರ ಎದುರಾಳಿಯೇ ಇಲ್ಲದೆ ಶಿಸ್ತು ಕೆಡುತ್ತದೆ, ಬಲ ಇಳಿಯುತ್ತದೆ.

ಇದು ಸುಮ್ನೆ ಊಹೆಯಲ್ಲ. 1951ರಲ್ಲಿ ಕ್ಲಿಫರ್ಡ್ ಶಲ್ ಮತ್ತು ಜೊತೆಗಾರರು ಸೂಜಿಗಲ್ಲಿನ ಮೇಲೆ ನ್ಯೂಟ್ರಾನ್ ಹಾಯಿಸಿ ಎದುರುಬದುರು ಜೋಡಣೆಯನ್ನು ತೋರಿಸಿದರು. ನೀಲ್‌ಗೆ 1970ರಲ್ಲಿ ನೊಬೆಲ್ ಬಂತು.

ನನಗೆ ಇದಕ್ಕಿಂತ ಸ್ವಾರಸ್ಯ ಅನಿಸುವುದು ತಯಾರಿಯ ಭಾಗ. ಆಕ್ಸೈಡ್ ಪುಡಿಗಳನ್ನು ನುಣ್ಣಗೆ ಅರೆದು, 1000 ಡಿಗ್ರಿಗೂ ಮೀರಿ ಕಾಯಿಸಿ, ನಿಧಾನವಾಗಿ ಆರಿಸಿದ ಸತು ಫೆರೈಟ್ ಅಯಸ್ಕಾಂತಕ್ಕೆ ಅಂಟುವುದಿಲ್ಲ. ಅದೇ ಸೂತ್ರದ್ದನ್ನು ಕಡಿಮೆ ಬಿಸಿಯಲ್ಲಿ ನ್ಯಾನೊ ಪುಡಿಯಾಗಿ ಮಾಡಿದರೆ ಸತು ಅವಸರದಲ್ಲಿ ತಪ್ಪು ಮನೆ ಹೊಕ್ಕಿರುತ್ತದೆ, ಅದರ ಮನೆಯಲ್ಲಿ ಕಬ್ಬಿಣ ಕೂತು ಹಗ್ಗಜಗ್ಗಾಟ ಶುರುವಾಗುತ್ತದೆ. ಎಕ್ಸ್-ರೇಗೆ ಇದು ಸರಿಯಾಗಿ ಕಾಣುವುದಿಲ್ಲ, ಯಾಕೆಂದರೆ ಕಬ್ಬಿಣದ ಪರಮಾಣು ಸಂಖ್ಯೆ 26, ಸತುವಿನದು 30; ಹತ್ತಿರದ ಸಂಖ್ಯೆಗಳಾದ್ದರಿಂದ ಎರಡೂ ಹೆಚ್ಚುಕಮ್ಮಿ ಒಂದೇ ಥರ ಕಾಣುತ್ತವೆ. ಆದರೆ ಪುಡಿ ತುಂಬಿದ ಗಾಜಿನ ಸೀಸೆಯ ಹೊರಗೆ ಅಯಸ್ಕಾಂತ ಹಿಡಿದರೆ ಪುಡಿ ಗಾಜಿನತ್ತ ಸರಿಯುತ್ತದೆ.