ಐದನೇ ಮೈಕೇಲ್: ನಾಲ್ಕು ತಿಂಗಳ ದೊರೆ, ಮತ್ತು ನಾನು ತಡವರಿಸಿದ ಜಾಗ

ಪಟ್ಟ 1041ರ ಡಿಸೆಂಬರ್‌ನಲ್ಲಿ, ಪತನ 1042ರ ಏಪ್ರಿಲ್‌ನಲ್ಲಿ. ಊರು ಕಾನ್‌ಸ್ಟಾಂಟಿನೋಪಲ್, ಬೈಜಾಂಟೈನ್ ಸಾಮ್ರಾಜ್ಯದ ರಾಜಧಾನಿ (ಇಂದಿನ ಇಸ್ತಾಂಬುಲ್). ಅಪ್ಪ ಹಡಗಿನ ಹಲಗೆಗಳ ಸಂದು ಮುಚ್ಚುವ ಕೆಲಸದವನು. ಅದಕ್ಕೇ ಮಗನಿಗೆ 'ಕಲಾಫಾಟಿಸ್' ಅನ್ನೋ ಅಡ್ಡಹೆಸರು ಅಂಟಿಕೊಂಡಿತು. ಇಲ್ಲಿವರೆಗೆ ಸುಲಭ.

ನನಗೆ ಅರ್ಥವಾಗದೇ ಇದ್ದದ್ದು ಒಂದೇ. ಅರವತ್ತು ದಾಟಿದ ರಾಣಿ ಜೊಯಿಯನ್ನು ಅವನು ದ್ವೀಪಕ್ಕೆ ಅಟ್ಟಿದ. ಅರಮನೆ ಜಗಳ, ಅಲ್ವಾ? ಅದಕ್ಕೆ ಇಡೀ ಊರು ಯಾಕೆ ಬೀದಿಗಿಳಿಯಬೇಕು? ಮೂರು ಸಲ ಓದಿದರೂ ತಲೆಗೆ ಹತ್ತಲಿಲ್ಲ.

ಕೊನೆಗೆ ಒಂದು ಚಿತ್ರ ಬರೆದೆ. ಹಾಳೆಯ ನಡುವೆ ಜೊಯಿ. ಅವಳಿಂದ ಬಾಣಗಳು: ಗಂಡ ಮೂರನೇ ರೊಮಾನೋಸ್ (1028), ಎರಡನೇ ಗಂಡ ನಾಲ್ಕನೇ ಮೈಕೇಲ್ (1034), ದತ್ತುಮಗ ಐದನೇ ಮೈಕೇಲ್ (1041). ಮೂವರೂ ಗದ್ದುಗೆ ಏರಿದ್ದು ಅವಳ ಮೂಲಕ. 867ರಿಂದ ಆಳುತ್ತಿದ್ದ ಮನೆತನದ ರಕ್ತ ಇದ್ದದ್ದು ಅವಳಲ್ಲಿ, ಇವರಲ್ಲಲ್ಲ. ಅಂದರೆ ಐದನೇ ಮೈಕೇಲ್ ತಾನು ಕೂತ ಕೊಂಬೆಯನ್ನೇ ಕಡಿದ. 'ನಾಲ್ಕನೇ', 'ಐದನೇ' ಅಂತ ಬಂದ ಕೂಡಲೇ ಅಪ್ಪ-ಮಗ ಅಂದುಕೊಂಡಿದ್ದೆ, ತಪ್ಪು: ಇವನು ಅವನ ಸೋದರಳಿಯ.

ದತ್ತು ಸ್ವೀಕಾರದ ಹೊತ್ತಿಗೆ ಅವಳ ಮಾತು ಮೀರುವುದಿಲ್ಲ ಎಂದು ಪ್ರಮಾಣ ಮಾಡಿದ್ದ. ಪಟ್ಟಕ್ಕೆ ದಾರಿ ಮಾಡಿಕೊಟ್ಟ ಇನ್ನೊಬ್ಬ ಸೋದರಮಾವ ಜಾನ್‌ನನ್ನೂ ಗಡೀಪಾರು ಮಾಡಿದ್ದ. ಉಂಡ ಮನೆಯ ಜಂತೆ ಎಣಿಸುವವನು ಅಂತ ನಮ್ಮಲ್ಲಿ ಹೇಳುವುದು ಇಂಥವನಿಗೇ.

ಈಗ ಆ ವಾರ. ಈಸ್ಟರ್ ಮುಗಿದ ಮರು ಭಾನುವಾರ, ಏಪ್ರಿಲ್ 18, ಮೆರವಣಿಗೆ ಹೊರಟಾಗ ಜನ ಜಯಕಾರ ಹಾಕಿದರು. ಇವನು ಅದನ್ನು ತನ್ನ ಬಲ ಅಂದುಕೊಂಡ. ಅದೇ ರಾತ್ರಿ, ತನಗೆ ವಿಷ ಹಾಕಲು ನೋಡಿದಳೆಂದು ಜೊಯಿಯ ಮೇಲೆ ಆರೋಪ ಹೊರಿಸಿ, ಪ್ರಿಂಕಿಪೋ ದ್ವೀಪಕ್ಕೆ ಕಳಿಸಿದ. ಅಲ್ಲಿ ತಲೆಗೂದಲು ಕತ್ತರಿಸಿ ಸನ್ಯಾಸಿನಿ ಮಾಡಿದರು. ಸೋಮವಾರ ಈ ಸುದ್ದಿಯನ್ನು ಚೌಕದಲ್ಲಿ ಓದಿಸಿದ್ದೇ ತಡ, ಊರು ಹೊತ್ತಿಕೊಂಡಿತು. ಹೆದರಿ ಅವಳನ್ನು ವಾಪಸ್ ಕರೆಸಿ ಹಿಪ್ಪೊಡ್ರೋಮ್‌ನಲ್ಲಿ (ರಥದ ಪಂದ್ಯದ ಮೈದಾನ) ಜನರಿಗೆ ತೋರಿಸಿದ. ಆದರೆ ಸನ್ಯಾಸಿನಿ ಬಟ್ಟೆಯಲ್ಲೇ! ಸಿಟ್ಟು ಇನ್ನೂ ಜಾಸ್ತಿಯಾಯಿತು. ಅತ್ತ ಜನ ಮಠದಲ್ಲಿದ್ದ ಜೊಯಿಯ ತಂಗಿ ಥಿಯೊಡೋರಾಳನ್ನು ಊರಿನ ದೊಡ್ಡ ಚರ್ಚ್ ಹಾಗಿಯಾ ಸೋಫಿಯಾಕ್ಕೆ ಕರೆತಂದು ರಾಣಿ ಎಂದು ಸಾರಿದರು. ಆ ಗಲಭೆಯಲ್ಲಿ ಸತ್ತವರು ಸುಮಾರು 3,000 ಎಂದು ಇತಿಹಾಸಕಾರ ಸ್ಕಿಲಿಟ್ಸೆಸ್ ಬರೆಯುತ್ತಾನೆ.

ಮೈಕೇಲ್ ಮತ್ತು ಚಿಕ್ಕಮಾವ ಕಾನ್‌ಸ್ಟಂಟೈನ್ ದೋಣಿ ಹತ್ತಿ ಸ್ಟೂಡಿಯೋಸ್ ಮಠಕ್ಕೆ ಓಡಿದರು. ಅಲ್ಲಿ ಬಲಿಪೀಠ ಹಿಡಿದುಕೊಂಡ ಮೈಕೇಲ್‌ನನ್ನು ಕಣ್ಣಾರೆ ಕಂಡವನು ಆ ಕಾಲದ ಇತಿಹಾಸಕಾರ ಸೆಲ್ಲೋಸ್. ಸಿಟ್ಟಿನಿಂದ ಹೋದವನಿಗೆ ನೋಡಿದ ಮೇಲೆ ಅಳು ಬಂತಂತೆ. ಜನ ಇಬ್ಬರನ್ನೂ ಹೊರಗೆಳೆದು ಕಣ್ಣು ಕೀಳಿಸಿದರು. ಮಾವ ಮೊದಲು ಧೈರ್ಯವಾಗಿ ಮಲಗಿದ, ಅಳಿಯ ಗೋಳಾಡಿದ.

ಆಮೇಲೆ ಅಕ್ಕ-ತಂಗಿ ಸೇರಿ ಆಳಿದರು. ತಂಗಿಯನ್ನು ಹಿಂದೆ ಮಠಕ್ಕೆ ಸೇರಿಸಿದ್ದವಳು ಜೊಯಿಯೇ ಅನ್ನೋದು ಮರೆಯಬೇಡಿ. ಜೋಡಿ ಆಳ್ವಿಕೆ ಎರಡು ತಿಂಗಳೂ ನಡೆಯಲಿಲ್ಲ. ಜೂನ್‌ನಲ್ಲಿ ಜೊಯಿ ಮೂರನೇ ಮದುವೆಯಾದಳು. ಗಂಡ ಒಂಬತ್ತನೇ ಕಾನ್‌ಸ್ಟಂಟೈನ್. ಚಿತ್ರಕ್ಕೆ ನಾಲ್ಕನೇ ಬಾಣ ಹಾಕಿಕೊಳ್ಳಿ.