ಕಟ್ಟಡಕ್ಕೆ ಎನ್‌ಒಸಿ ಇದೆ, ವೈರಿಂಗಿಗೆ?

ಹೋದ ವರ್ಷ ಮಂಡ್ಯದ ಒಂದು ನರ್ಸಿಂಗ್ ಹೋಮಿನಲ್ಲಿ ಚಿಕ್ಕಪ್ಪನ ಜೊತೆ ಮೂರು ರಾತ್ರಿ ಕಳೆದೆ. ಹಾಸಿಗೆ ಪಕ್ಕದ ಗೋಡೆಯಲ್ಲಿ ಇದ್ದದ್ದು ಎರಡೇ ಸಾಕೆಟ್. ಒಂದರಿಂದ ಬಿಳಿ ಎಕ್ಸ್‌ಟೆನ್ಷನ್ ಬಾಕ್ಸ್ ನೇತಾಡುತ್ತಿತ್ತು. ಅದಕ್ಕೆ ಮಾನಿಟರ್, ಸಿರಿಂಜ್ ಪಂಪ್, ನೆಬ್ಯುಲೈಸರ್, ಜೊತೆಗೆ ಪಕ್ಕದ ಬೆಡ್ಡಿನವರ ಫೋನ್ ಚಾರ್ಜರ್. ಒಂದು ಪ್ಲಗ್ ಸಡಿಲ ಆಗಿತ್ತು ಅಂತ ಟೇಪ್ ಸುತ್ತಿದ್ದರು. ಡ್ರಿಪ್ ಸೂಜಿ ಅಲ್ಲಾಡದಂತೆ ಕೈಗೆ ಅಂಟಿಸ್ತಾರಲ್ಲ, ಅದೇ ಟೇಪು. ಮುಟ್ಟಿ ನೋಡಿದೆ, ಬೆಚ್ಚಗಿತ್ತು. "ಮುಟ್ಬೇಡಿ ಸಾರ್, ಅಲ್ಲಾಡಿದ್ರೆ ಆಫ್ ಆಗ್ಬಿಡುತ್ತೆ" ಅಂದರು ನರ್ಸ್.

ಕೆಳಗೆ ರಿಸೆಪ್ಷನ್ನಿನಲ್ಲಿ, ದೇವರ ಫೋಟೋ ಪಕ್ಕ, ಅಗ್ನಿಶಾಮಕ ಇಲಾಖೆಯ ಎನ್‌ಒಸಿ, ಅಂದರೆ ನಿರಾಕ್ಷೇಪಣಾ ಪತ್ರಕ್ಕೆ ಫ್ರೇಮ್ ಹಾಕಿಸಿದ್ದರು. ಆ ಪತ್ರ ನಿಜ. ಬೆಚ್ಚಗಿದ್ದ ಬಾಕ್ಸೂ ನಿಜ. ಎರಡೂ ಒಂದೇ ಸೂರಿನಡಿ ಹೇಗೆ ಬಂದವು ಅಂತ ನೋಡೋಕೆ ಸ್ವಲ್ಪ ಹಿಂದಕ್ಕೆ ಹೋಗಬೇಕು.

ನಮ್ಮ ಕಡೆಯವರಿಗೆ ಬೆಂಕಿಯ ನೆನಪು ಹಳೆಯದು. 1897ರಲ್ಲಿ ರಾಜಕುಮಾರಿ ಜಯಲಕ್ಷ್ಮಮ್ಮಣ್ಣಿಯವರ ಮದುವೆ ಸಮಯದಲ್ಲಿ ಮೈಸೂರಿನ ಮರದ ಅರಮನೆಗೆ ಬೆಂಕಿ ಬಿತ್ತು. ಈಗ ದಸರಾದಲ್ಲಿ ನಾವು ಬಾಯಿ ಬಿಟ್ಟು ನೋಡುವ ಅರಮನೆ 1912ರಲ್ಲಿ ಮುಗಿದದ್ದು. ಈ ಸಲ ಕಲ್ಲು, ಎರಕದ ಕಬ್ಬಿಣದ ಕಂಬ. ಅಲ್ಲಿ ಪಾಠ ಕಲಿತರು ಅನ್ನಬಹುದು. ಆದರೆ 1989ರ ಫೆಬ್ರವರಿ 8ರಂದು ಅದೇ ಊರಿನ ಪ್ರೀಮಿಯರ್ ಸ್ಟುಡಿಯೋದಲ್ಲಿ ಧಾರಾವಾಹಿ ಚಿತ್ರೀಕರಣದ ವೇಳೆ ಬೆಂಕಿ ಹತ್ತಿ 62 ಜನ ಸತ್ತರು. ಆಗ ಕಾರಣ ಅಂತ ಹೇಳಿದವುಗಳಲ್ಲಿ ಸಡಿಲ ವೈರಿಂಗ್, ಗಾಳಿಯಾಡದ ಒಳಾಂಗಣ, ಗೋಡೆಗೆ ಹೊದಿಸಿದ್ದ ಗೋಣಿತಾಟು, ಸುಡುವಷ್ಟು ದೊಡ್ಡ ದೀಪಗಳು ಇದ್ದವು. ಗೋಣಿತಾಟಿನ ಜಾಗಕ್ಕೆ ಫಾಲ್ಸ್ ಸೀಲಿಂಗ್ ಇಟ್ಟು ನೋಡಿ. ಇವತ್ತಿನ ಎಷ್ಟೋ ಐಸಿಯುಗಳ ವರ್ಣನೆ ಅದೇ.

ಕಾನೂನು ಇರಲಿಲ್ಲ ಅಂತಲ್ಲ. ಕರ್ನಾಟಕ ಅಗ್ನಿಶಾಮಕ ದಳ ಕಾಯ್ದೆ 1964ರದು. ನ್ಯಾಷನಲ್ ಬಿಲ್ಡಿಂಗ್ ಕೋಡ್ ಮೊದಲು ಬಂದದ್ದು 1970ರಲ್ಲಿ. 2016ರ ಆವೃತ್ತಿಯಲ್ಲಿ ಅಗ್ನಿ ಸುರಕ್ಷತೆಗೇ ಒಂದು ಇಡೀ ಭಾಗವಿದೆ. ಆದರೆ ಆ ಕೋಡ್ ತಾನಾಗಿ ಕಾನೂನಲ್ಲ, ಶಿಫಾರಸು ಮಾತ್ರ. ರಾಜ್ಯಗಳು, ನಗರಸಭೆಗಳು ತಮ್ಮ ನಿಯಮಕ್ಕೆ ಸೇರಿಸಿಕೊಂಡರೆ ಉಂಟು, ಇಲ್ಲದಿದ್ದರೆ ಇಲ್ಲ. ಅದರ ಪ್ರಕಾರ 15 ಮೀಟರ್ ಮುಟ್ಟಿದರೆ ಎತ್ತರದ ಕಟ್ಟಡ. ಹಾಗಾಗಿ ಕಣ್ಣೆಲ್ಲ ಎತ್ತರದ ಮೇಲೆ. ಮನೆಯನ್ನೇ ಒಡೆದು ಕಟ್ಟಿ ಮಾಡಿದ ಎರಡು ಮಹಡಿಯ ನರ್ಸಿಂಗ್ ಹೋಮಿನ ಮೇಲೆ ಅಷ್ಟು ಕಣ್ಣು ಬೀಳೋದಿಲ್ಲ.

ದೇಶ ನಿಜವಾಗಿ ಬೆಚ್ಚಿದ್ದು 2011ರ ಡಿಸೆಂಬರ್ 9ರಂದು. ಕೋಲ್ಕತ್ತದ ಆಮ್ರಿ ಆಸ್ಪತ್ರೆಯಲ್ಲಿ 90ರ ಆಸುಪಾಸು ಜನ ಹೋದರು. ವಾಹನ ನಿಲ್ಲಿಸಬೇಕಿದ್ದ ನೆಲಮಾಳಿಗೆಯಲ್ಲಿ ಸಾಮಾನು ತುಂಬಿದ್ದರು, ಬೆಂಕಿ ಹತ್ತಿದ್ದು ಅಲ್ಲಿ. ಸತ್ತವರಲ್ಲಿ ಹೆಚ್ಚಿನವರು ಮೇಲಿನ ಮಹಡಿಗಳಲ್ಲಿ ಇದ್ದವರು, ಬೆಂಕಿಯನ್ನೇ ನೋಡಿರಲಿಲ್ಲ. ಗಾಜು ಮುಚ್ಚಿದ ಕಟ್ಟಡದಿಂದ ಹೊಗೆಗೆ ಹೊರಹೋಗಲು ದಾರಿಯೇ ಇರಲಿಲ್ಲ. 2016ರಲ್ಲಿ ಭುವನೇಶ್ವರದ ಎಸ್‌ಯುಎಂ ಆಸ್ಪತ್ರೆ, 20ಕ್ಕೂ ಹೆಚ್ಚು ಸಾವು.

ಆಮೇಲೆ ಕೋವಿಡ್ ಬಂತು. ಆಸ್ಪತ್ರೆಗಳಲ್ಲಿ ಒಂದರ ಹಿಂದೊಂದು ಬೆಂಕಿ. ಅಹಮದಾಬಾದ್, ರಾಜ್‌ಕೋಟ್, ವಿರಾರ್, ಭರೂಚ್, ಅಹಮದ್‌ನಗರ. 2021ರ ಜನವರಿಯಲ್ಲಿ ಮಹಾರಾಷ್ಟ್ರದ ಭಂಡಾರದ ಜಿಲ್ಲಾಸ್ಪತ್ರೆಯಲ್ಲಿ 10 ಹಸುಗೂಸುಗಳು. ಒಂದೂವರೆ ವರ್ಷದಲ್ಲಿ ಇಷ್ಟೊಂದು ಯಾಕೆ?

ಇಲ್ಲಿ ಸ್ವಲ್ಪ ನಿಲ್ಲಬೇಕು. ವೈರಿನಲ್ಲಿ ಹರಿಯುವ ಕರೆಂಟು ಎರಡು ಪಟ್ಟಾದರೆ ಅದರಲ್ಲಿ ಹುಟ್ಟುವ ಬಿಸಿ ಎರಡಲ್ಲ, ನಾಲ್ಕು ಪಟ್ಟು. ವೈರಿಂಗ್ ಮಾಡಿಸಿದಾಗ ಆ ವಾರ್ಡಿನಲ್ಲಿ ಫ್ಯಾನು, ಟ್ಯೂಬ್‌ಲೈಟು ಮಾತ್ರ ಇದ್ದವು. ಈಗ ವೆಂಟಿಲೇಟರ್, ಮಾನಿಟರ್, ಹಗಲು ರಾತ್ರಿ ಆರದ ಎಸಿ. ಗೋಡೆಯೊಳಗಿನ ತಂತಿ ಮಾತ್ರ ಅದೇ. ಸಡಿಲ ಜಾಯಿಂಟ್ ಒಂದಿದ್ದರೆ ಬಿಸಿ ಅಲ್ಲೇ ಕೂಡುತ್ತದೆ. ಲೋಡು ಹೆಚ್ಚಾದಾಗ ತಾನೇ ಕರೆಂಟು ಕಡಿಯುವ ಸ್ವಿಚ್ಚು ಎಂಸಿಬಿ. ಅದು ಪದೇ ಪದೇ ಟ್ರಿಪ್ ಆಗ್ತಿದೆ ಅಂತ ಇನ್ನೂ ದೊಡ್ಡದನ್ನು ಹಾಕಿಸಿದರೆ ಕಾವಲು ನಾಯಿಯ ಬಾಯಿ ಕಟ್ಟಿದ ಹಾಗೆ. ಹಿಂದೆ ಫ್ಯೂಸಿಗೆ ದಪ್ಪ ತಂತಿ ಸುತ್ತುತ್ತಿದ್ದರಲ್ವಾ, ಅದೇ ಬುದ್ಧಿ.

ಇದರ ಮೇಲೆ ಆಕ್ಸಿಜನ್. ನಾವು ಉಸಿರಾಡುವ ಗಾಳಿಯಲ್ಲಿ ಅದು ನೂರಕ್ಕೆ ಸುಮಾರು 21 ಭಾಗ. ಮುಚ್ಚಿದ ಕೋಣೆಯಲ್ಲಿ ಹತ್ತಾರು ಮಾಸ್ಕುಗಳಿಂದ ಸೋರಿ ಅದು ಮೂರು ನಾಲ್ಕು ಭಾಗ ಏರಿದರೂ ಸಾಕು, ಬೆಡ್‌ಶೀಟು, ದಿಂಬು, ಪ್ಲಾಸ್ಟಿಕ್ಕು ಎಲ್ಲ ಬೇಗ ಹತ್ತಿಕೊಂಡು ಜೋರಾಗಿ ಉರಿಯುತ್ತವೆ. ಹಳೇ ಕಾಲದ ಸರ್ಕಾರಿ ಆಸ್ಪತ್ರೆಗಳಲ್ಲಿ ಎತ್ತರದ ಚಾವಣಿ, ಉದ್ದನೆಯ ವರಾಂಡ, ದೊಡ್ಡ ಕಿಟಕಿ ಇದ್ದವು. ಸೊಳ್ಳೆ ಬರುತ್ತೆ ಅಂತ ಬೈತಿದ್ದೆವು. ಹೊಗೆ ಹೋಗೋಕೂ ಅವೇ ದಾರಿ ಅನ್ನೋದು ಗೊತ್ತಿರಲಿಲ್ಲ.

ರಾಜ್‌ಕೋಟ್ ದುರಂತದ ಬಳಿಕ ಸುಪ್ರೀಂ ಕೋರ್ಟ್ ತಾನಾಗಿಯೇ ಪ್ರಕರಣ ಕೈಗೆತ್ತಿಕೊಂಡು 2020ರ ಡಿಸೆಂಬರ್ 18ರಂದು ಆದೇಶ ಕೊಟ್ಟಿತು. ಕೋವಿಡ್ ಆಸ್ಪತ್ರೆಗಳಿಗೆ ತಿಂಗಳಿಗೊಮ್ಮೆ ಆಡಿಟ್, ಒಬ್ಬೊಬ್ಬ ನೋಡಲ್ ಅಧಿಕಾರಿ, ಎನ್‌ಒಸಿ ಅವಧಿ ಮುಗಿದಿದ್ದರೆ ನಾಲ್ಕು ವಾರದಲ್ಲಿ ನವೀಕರಣ. ಕೋವಿಡ್ ಹೋಯಿತು, ಬೆಂಕಿ ಹೋಗಲಿಲ್ಲ. 2024ರ ಮೇನಲ್ಲಿ ದೆಹಲಿಯ ವಿವೇಕ್ ವಿಹಾರದ ಮಕ್ಕಳ ಆಸ್ಪತ್ರೆ, ಅದೇ ನವೆಂಬರಿನಲ್ಲಿ ಝಾನ್ಸಿಯ ವೈದ್ಯಕೀಯ ಕಾಲೇಜಿನ ನವಜಾತ ಶಿಶುಗಳ ಐಸಿಯು, 2025ರ ಅಕ್ಟೋಬರಿನಲ್ಲಿ ಜೈಪುರದ ಎಸ್‌ಎಂಎಸ್ ಆಸ್ಪತ್ರೆ.

ಈಗ ಆ ಫ್ರೇಮಿನ ಪತ್ರಕ್ಕೆ ಬರೋಣ. ಅಗ್ನಿಶಾಮಕದವರು ಮುಖ್ಯವಾಗಿ ನೋಡೋದು ಮೆಟ್ಟಿಲು, ನೀರಿನ ಟ್ಯಾಂಕು, ಹೈಡ್ರಂಟು, ಸಿಲಿಂಡರು, ಲಾರಿ ತಿರುಗುವಷ್ಟು ಜಾಗ. ವಿದ್ಯುತ್ ಪರಿವೀಕ್ಷಣಾಲಯದ ಗಮನ ಹೆಚ್ಚಾಗಿ ಟ್ರಾನ್ಸ್‌ಫಾರ್ಮರ್, ಜನರೇಟರಿನಂಥ ದೊಡ್ಡವುಗಳ ಮೇಲೆ. ಕರೆಂಟು ಸರಬರಾಜು ಮಾಡುವ ಸೆಸ್ಕ್‌ನವರ ಲೆಕ್ಕ ಮೀಟರಿಗೆ ಮುಗಿಯುತ್ತದೆ. ಖಾಸಗಿ ಆಸ್ಪತ್ರೆಯ ನೋಂದಣಿ 2007ರ ಕೆಪಿಎಂಇ (ಖಾಸಗಿ ವೈದ್ಯಕೀಯ ಸಂಸ್ಥೆಗಳ) ಕಾಯ್ದೆಯಡಿ, ಅದು ಇನ್ನೊಂದು ಕಚೇರಿ. ಸ್ವಿಚ್‌ಬೋರ್ಡಿನಿಂದ ಹಾಸಿಗೆವರೆಗಿನ ನಾಲ್ಕಡಿ ಯಾರ ಪಾಲು? ಆ ನಾಲ್ಕಡಿಯಲ್ಲೇ ಬಾಕ್ಸ್ ನೇತಾಡುತ್ತಿತ್ತು. ಕಟ್ಟಡ ಒಮ್ಮೆ ಕಟ್ಟಿದರೆ ಹಾಗೇ ಇರುತ್ತದೆ, ಲೋಡು ಹಾಗಲ್ಲ. ಪ್ರತಿ ಹೊಸ ಯಂತ್ರಕ್ಕೂ ಪೂಜೆ ಮಾಡಿ ಕುಂಕುಮ ಹಚ್ಚುತ್ತೇವೆ. ಆ ದಿನವೇ ಎಲೆಕ್ಟ್ರಿಷಿಯನ್ನನ್ನು ಕರೆಸಿ ಕ್ಲ್ಯಾಂಪ್ ಮೀಟರ್ ಹಿಡಿಸಿದರೆ ಎಷ್ಟು ಆಂಪಿಯರ್ ಎಳೀತಿದೆ ಅಂತ ಐದು ನಿಮಿಷದಲ್ಲಿ ಗೊತ್ತಾಗುತ್ತದೆ. ನನ್ನ ಕೇಳಿದರೆ ವರ್ಷಕ್ಕೊಮ್ಮೆ ಈ ಲೆಕ್ಕವನ್ನು ಬರೆದು, ಆ ಎನ್‌ಒಸಿ ಪಕ್ಕದಲ್ಲೇ ತೂಗುಹಾಕಬೇಕು.

ಮೂರನೇ ರಾತ್ರಿ ನಿದ್ದೆ ಬರದೆ ಹಿಂದಿನ ಮೆಟ್ಟಿಲ ಕಡೆ ಹೋದೆ. 'ತುರ್ತು ನಿರ್ಗಮನ' ಅಂತ ಹಸಿರು ಬೋರ್ಡು ಚೆನ್ನಾಗಿ ಹೊಳೆಯುತ್ತಿತ್ತು. ಬಾಗಿಲಿಗೆ ಬೀಗ. ವಿಸಿಟಿಂಗ್ ಟೈಮ್ ಮುಗಿದ ಮೇಲೆ ಜನ ಈ ಕಡೆಯಿಂದ ನುಗ್ತಾರೆ ಅಂತ ಹಾಕಿದ್ದಂತೆ. ಚಾವಿ ವಾಚ್‌ಮನ್ ಹತ್ತಿರ ಇರುತ್ತೆ ಅಂದರು. ಬೆಳಿಗ್ಗೆ ವಾಚ್‌ಮನ್ ಸಿಕ್ಕಾಗ ಕೇಳಿದೆ. "ನಮ್ ಹತ್ರ ಇಲ್ಲ ಅಣ್ಣ, ಮೇಲ್ಗಡೆ ಸಿಸ್ಟರ್ ಹತ್ರ ಕೇಳಿ" ಅಂದ.