ಮಳೆಯ ಮಾತಿಗೂ ಮರ್ಯಾದೆ ಕೇಳುವ ಕೊರಿಯನ್

'ಮಳೆ ಬರುತ್ತಿದೆ' ಅನ್ನುವುದನ್ನು ನಾವು ಅಜ್ಜನಿಗೂ ಹಾಗೇ ಹೇಳುತ್ತೇವೆ, ಗೆಳೆಯನಿಗೂ ಹಾಗೇ ಹೇಳುತ್ತೇವೆ. ಕೊರಿಯನ್ನರಿಗೆ ಅದು ಆಗದು. ಆಪ್ತ ಗೆಳೆಯನಿಗಾದರೆ 'ಬಿಗಾ ವಾ'. ಅಂಗಡಿಯವರಿಗೆ, ಪಕ್ಕದ ಮನೆಯವರಿಗೆ 'ಬಿಗಾ ವಾಯೊ'. ಟಿವಿ ವಾರ್ತೆಯಲ್ಲಿ 'ಬಿಗಾ ಓಮ್ನಿದಾ'. ಮಳೆ ಅದೇ, ಕೇಳುವವರು ಬೇರೆ. ಅಷ್ಟಕ್ಕೇ ಕ್ರಿಯಾಪದದ ಕೊನೆ ಬದಲಾಗುತ್ತದೆ.

ನಮ್ಮಲ್ಲೂ 'ಬರ್ತಿದೆ ಕಣೋ', 'ಬರ್ತಿದೆ ರೀ' ಇದೆ, ಅಲ್ವಾ? ಆದರೆ ಕಣೋ, ರೀ ಎರಡನ್ನೂ ಬಿಟ್ಟು ಸುಮ್ನೆ 'ಬರ್ತಿದೆ' ಅಂದರೆ ಯಾರಿಗೂ ಬೇಸರವಿಲ್ಲ. ಕೊರಿಯನ್‌ನಲ್ಲಿ 'ಯೊ' ಬಿಟ್ಟರೆ ಅದು ಸಲಿಗೆಯ ಮಾತಾಗಿಬಿಡುತ್ತದೆ. ಅದನ್ನು 'ಬಾನ್‌ಮಾಲ್' ಅನ್ನುತ್ತಾರೆ. ಅಪರಿಚಿತರ ಜೊತೆ ಬಾನ್‌ಮಾಲ್ ಆಡಿದರೆ ಏಕವಚನದಲ್ಲಿ ಕರೆದಷ್ಟೇ ಒರಟು.

ವ್ಯಾಕರಣದ ಪುಸ್ತಕಗಳು ಇಂಥ ಆರೇಳು ಹಂತ ಎಣಿಸುತ್ತವೆ. ಹೊಸಬರಿಗೆ ಅಷ್ಟು ಬೇಡ. 'ಯೊ' ಒಂದನ್ನು ಗಟ್ಟಿಯಾಗಿ ಹಿಡಿದರೆ ದಿನ ಸಾಗುತ್ತದೆ. ನಮಸ್ಕಾರಕ್ಕೆ 'ಅನ್ಯೊಂಗ್‌ಹಾಸೆಯೊ', ನೀರು ಕೊಡಿ ಅನ್ನಲು 'ಮುಲ್ ಜುಸೆಯೊ'. ಧನ್ಯವಾದಕ್ಕೆ ಮಾತ್ರ 'ಕಾಮ್ಸಾಹಮ್ನಿದಾ' ಅನ್ನುವ, ವಾರ್ತೆಯ ಧಾಟಿಯ ರೂಪವೇ ಜಾಸ್ತಿ ಕೇಳಿಸುತ್ತದೆ. ವಿದಾಯ ಹೇಳುವಾಗ ಸ್ವಲ್ಪ ಎಚ್ಚರ ಬೇಕು: ಹೊರಟವರಿಗೆ 'ಅನ್ಯೊಂಗಿ ಗಾಸೆಯೊ', ಅಲ್ಲೇ ಉಳಿಯುವವರಿಗೆ 'ಅನ್ಯೊಂಗಿ ಗೆಸೆಯೊ'. ಬೀದಿಯಲ್ಲಿ ಇಬ್ಬರೂ ಹೊರಟರೆ ಇಬ್ಬರೂ 'ಗಾಸೆಯೊ' ಅನ್ನುತ್ತಾರೆ.

ನನಗೆ ತುಂಬಾ ಇಷ್ಟವಾಗುವುದು ಇದರ ಇನ್ನೊಂದು ಮಗ್ಗುಲು. ಯಾರೊಡನೆ ಮಾತಾಡುತ್ತೇವೋ ಅವರಿಗೊಂದು ಲೆಕ್ಕ, ಯಾರ ಬಗ್ಗೆ ಮಾತಾಡುತ್ತೇವೋ ಅವರಿಗೆ ಇನ್ನೊಂದು. 'ಅಜ್ಜ ಮಲಗಿದ್ದಾರೆ' ಎಂದು ತಮ್ಮನಿಗೆ ಹೇಳಬೇಕು ಅನ್ನಿ. 'ಹಾರಾಬೊಜಿ ಜುಮುಶ್ಯೊ' ಅನ್ನಬೇಕು. ಮಲಗುವುದಕ್ಕೆ 'ಜಾದಾ' ಅನ್ನುವ ಸಾಮಾನ್ಯ ಪದವಿದ್ದರೂ ಹಿರಿಯರಿಗೆ 'ಜುಮುಶಿದಾ' ಎಂಬ ಬೇರೆ ಪದವೇ ಇದೆ. ಹಾಗಾಗಿ ಈ ಪುಟ್ಟ ವಾಕ್ಯದಲ್ಲಿ ಅಜ್ಜನಿಗೆ ಗೌರವವೂ ಇದೆ, ತಮ್ಮನೊಡನೆ ಸಲಿಗೆಯೂ ಇದೆ. ಅದನ್ನೇ ನೆರೆಯವರಿಗೆ ಹೇಳುವಾಗ 'ಜುಮುಸೆಯೊ'. ಕನ್ನಡದ 'ಮಲಗಿದ್ದಾರೆ' ಇದರಲ್ಲಿ ಅರ್ಧ ಕೆಲಸವನ್ನು ಆಗಲೇ ಮಾಡುತ್ತದೆ, ಅಜ್ಜನಿಗೆ ಸಲ್ಲಬೇಕಾದ್ದನ್ನು ಸಲ್ಲಿಸುತ್ತದೆ. ಕ್ರಿಯಾಪದ ಕೊನೆಗೆ ಬರುವುದೂ ನಮಗೆ ರೂಢಿಯೇ. ಹೀಗಾಗಿ ಕನ್ನಡಿಗರು ಹೊಸದಾಗಿ ಕಲಿಯಬೇಕಾದ್ದು ಮುಖ್ಯವಾಗಿ ಕೇಳುವವರ ಲೆಕ್ಕ. ಆದರೆ 'ಜುಮುಶಿದಾ' ಥರದ ಗೌರವದ ರೂಪವನ್ನು ನಮ್ಮ ಬಗ್ಗೆಯೇ ಬಳಸಬಾರದು.

ಕೊರಿಯನ್ನರು ಪರಿಚಯವಾದ ಕೂಡಲೇ ವಯಸ್ಸು ಕೇಳುವುದೂ ಇದಕ್ಕೇ. ಒಂದು ವರ್ಷದ ಅಂತರವಿದ್ದರೂ ಮಾತಿನ ಧಾಟಿ ಬದಲಾಗಬಹುದು. ಹಿರಿಯರಿಗೆ 'ನೀವು' ಅನ್ನುವ ಪದ ಹುಡುಕಬೇಡಿ. 'ಸೊನ್‌ಸೆಂಗ್‌ನಿಮ್', ಅಂದರೆ ಮೇಷ್ಟ್ರೇ, ಅನ್ನುವಂಥ ಗೌರವದ ಕರೆ ಸಾಕು. ಸಲಿಗೆಗೆ ಇಳಿಯೋಣ ಎಂದು ಸಾಮಾನ್ಯವಾಗಿ ದೊಡ್ಡವರೇ ಮೊದಲು ಹೇಳುತ್ತಾರೆ. ಅಲ್ಲಿಯವರೆಗೆ 'ಯೊ' ಬಿಡಬೇಡಿ.